ಹೊಳಪಿಗೆ ಮೊದಲು ವಿಂಗಡಣೆ: ಹಳೆಯ ಕಾರಿನ ನಟ್ಟು-ಬೋಲ್ಟುಗಳ ಮರುಲೇಪನ

ಎಲ್ಲರಿಗೂ ನಮಸ್ಕಾರ. ಸತುವಿನ ಲೇಪ ಹೇಗೆ ಹಾಕುವುದು ಎಂಬ ಪ್ರಶ್ನೆಯನ್ನೇ ಹಿಡಿದುಕೊಂಡು ನಿಮ್ಮಲ್ಲಿ ಹೆಚ್ಚಿನವರು ಬಂದಿದ್ದೀರಿ. ಅದಕ್ಕೆ ಬರುತ್ತೇವೆ, ಗ್ರಾಂ, ಆಂಪಿಯರ್, ನಿಮಿಷಗಳ ಲೆಕ್ಕದ ಸಮೇತ ಬರುತ್ತೇವೆ. ಆದರೆ ಲೇಪ ಕೊನೆಯ ಕೆಲಸ, ಇರುವುದರಲ್ಲಿ ಸುಲಭದ್ದೂ ಹೌದು. ಬೋಲ್ಟು ಕೆಡುವುದು ಅದಕ್ಕೂ ಮೊದಲೇ. ಯಾವ ಥ್ರೆಡ್ಡಿನದು, ಎಷ್ಟು ಗಟ್ಟಿ ಉಕ್ಕಿನದು, ಎಲ್ಲಿಂದ ಬಿಚ್ಚಿದ್ದು ಎಂದು ನೋಡದೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಆಮ್ಲಕ್ಕೆ ಹಾಕಿದರೆ, ಹೊಳೆಯುವ ಆದರೆ ನಂಬಲಾಗದ ಒಂದು ರಾಶಿ ಕೈಗೆ ಬರುತ್ತದೆ. ಹಾಗಾಗಿ ಇವತ್ತಿನ ಅರ್ಧ ಸಮಯ ವಿಂಗಡಣೆಗೇ ಹೋಗುತ್ತದೆ.

ಮಾತಿಗೆ ಆಧಾರವಾಗಿ 1960ರ ದಶಕದ ಅಂಬಾಸಿಡರನ್ನು ಇಟ್ಟುಕೊಳ್ಳೋಣ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾದ ಈ ಕಾರು ಬ್ರಿಟಿಷ್ ಕಾರಾದ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಭಾರತೀಯ ರೂಪ. ಅಲ್ಲಲ್ಲಿ ಫಿಯೆಟ್ 1100, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಆದದ್ದು, ಹೋಲಿಕೆಗೆ ಬರುತ್ತದೆ.

ಬಿಚ್ಚುವುದು, ಗುರುತಿಡುವುದು

ಬಿಚ್ಚುವ ವಿಷಯ ಬೇಗ ಮುಗಿಸೋಣ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿ. ಮೊದಲು ಬಿಗಿಸುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಕಾಯಿಸಲೇಬೇಕಾದರೆ ನಟ್ಟನ್ನು ಕಾಯಿಸಿ, ಬೋಲ್ಟನ್ನಲ್ಲ. ಕೆಂಪಗೆ ಕಾದ ಬೋಲ್ಟಿನ ಹದ ಹೋಗಿರುತ್ತದೆ; ಅದನ್ನು ಮತ್ತೆ ಬಳಸುವ ಪಟ್ಟಿಯಿಂದಲೇ ತೆಗೆಯಿರಿ.

ಸ್ಪ್ಯಾನರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಬಾಸಿಡರಿನಲ್ಲಿ ಎಲ್ಲೆಡೆ ಸಿಗುವುದು 5/16 ಇಂಚಿನ, ಅಂದರೆ ಎರಡೂವರೆ ನೂಲಿನ ಬೋಲ್ಟು. ಅದರ ತಲೆಗೆ 1/2 ಇಂಚಿನ ಸ್ಪ್ಯಾನರ್ ಬೇಕು, ಅಂದರೆ 12.7 ಮಿ.ಮೀ. ಗ್ಯಾರೇಜಿನಲ್ಲಿ ಕೈಗೆ ಸಿಗುವುದು 13ರದ್ದು. 0.3 ಮಿ.ಮೀ. ಸಡಿಲ ಏನು ಮಹಾ ಅನಿಸುತ್ತದೆ, ಆದರೆ ಐವತ್ತು ವರ್ಷದಲ್ಲಿ ಹತ್ತಾರು ಕೈಗಳು ಹೀಗೆಯೇ ತಿರುಗಿಸಿದ ತಲೆಗಳ ಮೂಲೆಗಳು ಇಂದು ದುಂಡಗಾಗಿವೆ. ಉಳಿದಿರುವ ಮೂಲೆಯನ್ನಾದರೂ ಉಳಿಸಿಕೊಳ್ಳಲು ಆರು ಮೂಲೆಯ ಇಂಚಿನ ಸಾಕೆಟ್ಟನ್ನೇ ಬಳಸಿ. ಹನ್ನೆರಡು ಮೂಲೆಯದು ಬೇಡ.

ಇನ್ನು ಗುರುತು. ಒಂದು ಭಾಗಕ್ಕೆ ಒಂದು ಚೀಲ, ಅದರೊಳಗೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ. ಪೆನ್ನಿನ ಶಾಯಿ ಎಣ್ಣೆಗೆ ಅಳಿಸುತ್ತದೆ, ಪೆನ್ಸಿಲ್ ಅಳಿಸುವುದಿಲ್ಲ. ವಾಟರ್ ಪಂಪು, ಟೈಮಿಂಗ್ ಕವರಿನಂಥ ಕಡೆ ಒಂದೊಂದು ರಂಧ್ರಕ್ಕೆ ಒಂದೊಂದು ಉದ್ದದ ಬೋಲ್ಟು ಇರುತ್ತದೆ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಅದು ತಳ ಮುಟ್ಟಿ ನಿಲ್ಲುತ್ತದೆ, ಬಿಗಿಯಾದಂತೆ ಅನಿಸುತ್ತದೆ, ಕವರ್ ಮಾತ್ರ ಸೋರುತ್ತದೆ. ಇಂಥ ಕಡೆ ಭಾಗದ ಆಕಾರವನ್ನು ರಟ್ಟಿನ ಮೇಲೆ ಬರೆದು, ತೂತು ಮಾಡಿ, ಬೋಲ್ಟುಗಳನ್ನು ಅದರದರ ಜಾಗದಲ್ಲೇ ಚುಚ್ಚಿಡಿ.

ಆದರೆ ರಟ್ಟು ಪ್ಲೇಟಿಂಗ್ ಅಂಗಡಿಗೆ ಹೋಗುವುದಿಲ್ಲ, ಬೋಲ್ಟು ಹೋಗುತ್ತದೆ. ಅಲ್ಲಿ ಪಿಪಾಯಿಯಲ್ಲಿ ಉರುಳಿ ಎಲ್ಲವೂ ಒಂದಾಗಿ ವಾಪಸ್ ಬರುತ್ತದೆ. ಆದ್ದರಿಂದ ಗ್ರಾಫ್ ಕಾಗದದ ಮೇಲೆ ಪ್ರತಿ ಚೀಲದ ಸಾಮಾನನ್ನು ಹರಡಿ ಮೇಲಿನಿಂದ ನೇರವಾಗಿ ಫೋಟೋ ತೆಗೆಯಿರಿ. ತಲೆಯ ಗುರುತು ಕಾಣುವಂತೆ ಇನ್ನೊಂದು ಫೋಟೋ. ಪಟ್ಟಿಯಲ್ಲಿ ವ್ಯಾಸ, ಇಂಚಿಗೆ ಎಷ್ಟು ಎಳೆ, ತಲೆಯ ಕೆಳಗಿನ ಉದ್ದ, ಥ್ರೆಡ್ ಇರುವ ಭಾಗದ ಉದ್ದ, ತಲೆಯ ಗುರುತು, ಸಂಖ್ಯೆ. ಈ ಕೆಲಸ ಬೇಸರದ್ದೇ. ಇದನ್ನು ಬಿಟ್ಟವರ ಕಾರು ಜೋಡಿಸುವಾಗ ನಿಂತುಹೋಗುತ್ತದೆ, ಅಷ್ಟೇ.

ಥ್ರೆಡ್ಡು

1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡಿನ ಕೋನ 60 ಡಿಗ್ರಿ. ಅದಕ್ಕೂ ಹಿಂದಿನ ಬ್ರಿಟಿಷ್ ವಿಟ್‌ವರ್ತ್ ಮತ್ತು ಬಿಎಸ್‌ಎಫ್ (ಅದರದೇ ಸಣ್ಣ ಎಳೆಯ ರೂಪ) ಥ್ರೆಡ್ಡುಗಳದ್ದು 55 ಡಿಗ್ರಿ. ಅಂಬಾಸಿಡರಿನಲ್ಲಿ ಬಹುಪಾಲು ಯುಎನ್‌ಎಫ್: ಸಣ್ಣ ಎಳೆಯ ಯೂನಿಫೈಡ್ ಇದು, 1/4 ಇಂಚಿನ ಬೋಲ್ಟಿಗೆ ಪ್ರತಿ ಇಂಚಿಗೆ 28 ಎಳೆ, 5/16ಕ್ಕೆ 24, 3/8ಕ್ಕೂ 24, 7/16 ಮತ್ತು 1/2ಕ್ಕೆ 20. ಅಲ್ಯೂಮಿನಿಯಂ ಅಥವಾ ಬೀಡಿನೊಳಗೆ ಹೋಗುವ ಕೆಲವು ಕಡೆ ಒರಟು ಎಳೆಯ ಯುಎನ್‌ಸಿ ಬರಬಹುದು. ಫಿಯೆಟ್ ಮೊದಲಿಂದಲೂ ಮೆಟ್ರಿಕ್. ಅಲ್ಲಿ 10 ಮಿ.ಮೀ. ಬೋಲ್ಟಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 1.5ರ ಪಿಚ್ಚಿಗಿಂತ (ಎರಡು ಎಳೆಗಳ ನಡುವಿನ ಅಂತರ, ಮಿ.ಮೀ.ನಲ್ಲಿ) 1.25ರದ್ದೇ ಹೆಚ್ಚು ಸಿಗುತ್ತದೆ ಎಂಬುದು ನೆನಪಿರಲಿ. ಬ್ರಿಟಿಷ್ ವಿದ್ಯುತ್ ಸಾಮಾನಿನ ಸಣ್ಣ ತಿರುಪುಗಳು ಬಿಎ, ಅಂದರೆ ಬ್ರಿಟಿಷ್ ಅಸೋಸಿಯೇಷನ್ ಥ್ರೆಡ್ಡಿನವು. ಅದರ ಕೋನ 47.5 ಡಿಗ್ರಿ, 2 ಬಿಎ ಅಂದರೆ 4.7 ಮಿ.ಮೀ. ವ್ಯಾಸ. ಅದರ ಜಾಗಕ್ಕೆ 5 ಮಿ.ಮೀ. ತಿರುಪು ತುರುಕಿದ ಡೈನಮೋಗಳು ಬೇಕಾದಷ್ಟಿವೆ.

ಮೋಸ ಮಾಡುವ ಜೋಡಿ ಯಾವುದು ಗೊತ್ತೇ? ವಿಟ್‌ವರ್ತ್ ಮತ್ತು ಯುಎನ್‌ಸಿ. 1/4ಕ್ಕೆ ಎರಡೂ 20 ಎಳೆ, 5/16ಕ್ಕೆ ಎರಡೂ 18, 3/8ಕ್ಕೆ ಎರಡೂ 16. ಕೈಯಲ್ಲಿ ತಿರುಗಿಸಿದರೆ ಒಳಗೆ ಹೋಗಿಯೇ ಬಿಡುತ್ತದೆ. ಆದರೆ ಕೋನ ಬೇರೆಯಾದ್ದರಿಂದ ಎಳೆಯ ಇಡೀ ಮೈ ಕೂರುವುದಿಲ್ಲ, ಅಂಚು ಮಾತ್ರ ಭಾರ ಹೊರುತ್ತದೆ. 1/2 ಇಂಚಿಗೆ ಬಂದರೆ ಮಾತ್ರ ಗುಟ್ಟು ಹೊರಬೀಳುತ್ತದೆ, ಅಲ್ಲಿ ಮೊದಲನೆಯದಕ್ಕೆ 12 ಎಳೆ, ಎರಡನೆಯದಕ್ಕೆ 13. ಇದಕ್ಕಿಂತ ವಿಚಿತ್ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಯ ಟಿ ಸರಣಿಯ ಎಂಜಿನ್: ಥ್ರೆಡ್ ಮೆಟ್ರಿಕ್, ತಲೆ ವಿಟ್‌ವರ್ತ್ ಸ್ಪ್ಯಾನರಿನದು. ಆ ಬೋಲ್ಟುಗಳು ಯಾವ ಅಂಗಡಿಯಲ್ಲೂ ಸುಲಭವಾಗಿ ಸಿಗುವುದಿಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು. ಮರುಲೇಪನದ ನಿಜವಾದ ಬೆಲೆ ಇರುವುದು ಇಂಥ ಕಡೆ.

ಥ್ರೆಡ್ ಗೇಜನ್ನು ಬೆಳಕಿಗೆ ಹಿಡಿದು ನೋಡಿ, ಊಹೆ ಬೇಡ. ಬ್ರಿಟಿಷ್ ಬೋಲ್ಟಿನಲ್ಲಿ ಯೂನಿಫೈಡ್ ಎಂಬುದಕ್ಕೆ ತಲೆಯ ಮೇಲೆ ದುಂಡನೆಯ ತಗ್ಗು, ಇಲ್ಲವೇ ಒಂದಕ್ಕೊಂದು ತಾಗಿದ ಪುಟ್ಟ ವೃತ್ತಗಳ ಗುರುತು ಇರುತ್ತದೆ. ಪೆಟ್ಟು ತಿಂದ ಎಳೆಯನ್ನು ಸರಿಪಡಿಸಲು ಎಳೆ ಕತ್ತರಿಸುವ ಡೈ ಹಾಕಬೇಡಿ. ಕಾರ್ಖಾನೆಯ ಬೋಲ್ಟಿನ ಎಳೆ ಒತ್ತಿ ಉರುಳಿಸಿ ಮೂಡಿಸಿದ್ದು, ಕತ್ತರಿಸಿದ್ದಲ್ಲ. ಡೈ ಆ ಒತ್ತಿದ ಮೈಯನ್ನೇ ಸವರಿ ತೆಗೆಯುತ್ತದೆ. ಥ್ರೆಡ್ ಚೇಸರ್ ಅಥವಾ ಥ್ರೆಡ್ ಫೈಲ್ ಸಾಕು. ಅವು ಮಡಚಿದ ಎಳೆಯನ್ನು ಎತ್ತಿ ಕೂರಿಸುತ್ತವೆ.

ನಾಲ್ಕು ರಾಶಿ

ಈಗ ತಲೆಯ ಮೇಲಿನ ಗುರುತು ಓದಿ. ನಡುವಿನಿಂದ ಹೊರಟ ಮೂರು ಗೆರೆ ಇದ್ದರೆ ಅಮೆರಿಕನ್ ಗ್ರೇಡ್ 5. ಅದು ತಾಳುವ ಎಳೆತ ಚದರ ಇಂಚಿಗೆ 1,20,000 ಪೌಂಡು. ಆರು ಗೆರೆ ಇದ್ದರೆ ಗ್ರೇಡ್ 8; 1,50,000 ಪೌಂಡು. ಬ್ರಿಟಿಷ್ ಬೋಲ್ಟಿನಲ್ಲಿ ಅಕ್ಷರ ಇರುತ್ತದೆ: ಆರ್ ಅಂದರೆ ಚದರ ಇಂಚಿಗೆ 45 ಟನ್, ಎಸ್ 50, ಟಿ 55, ವಿ 65. ಮೆಟ್ರಿಕ್ಕಿನಲ್ಲಿ ಬಲದ ದರ್ಜೆಯನ್ನು 8.8, 10.9, 12.9 ಎಂದು ನೇರವಾಗಿಯೇ ಬರೆದಿರುತ್ತದೆ.

ಮೊದಲ ರಾಶಿ, ಗುರುತಿಲ್ಲದ ಮೃದು ಉಕ್ಕು: ಮಡ್‌ಗಾರ್ಡ್, ಬ್ರಾಕೆಟ್, ನಂಬರ್ ಪ್ಲೇಟಿನವು. ಇವಕ್ಕೆ ಯಾವ ಚಿಕಿತ್ಸೆಯೂ ನಡೆಯುತ್ತದೆ. ಎರಡನೆಯದು ಗ್ರೇಡ್ 5, 8.8, ಆರ್, ಎಸ್, ಟಿ. ಎಂಜಿನ್ನಿನ ಮೇಲಿನ ಹೆಚ್ಚಿನವು ಇಲ್ಲೇ ಬರುತ್ತವೆ. ಎಚ್ಚರವಿದ್ದರೆ ಲೇಪ ಹಾಕಬಹುದು. ಮೂರನೆಯದು ಗ್ರೇಡ್ 8, 10.9, 12.9, ವಿ; ಜೊತೆಗೆ ಸ್ಪ್ರಿಂಗ್ ವಾಷರ್, ಸರ್‌ಕ್ಲಿಪ್, ಸ್ಪ್ರಿಂಗು ಎನಿಸಿಕೊಳ್ಳುವ ಏನೇ ಇರಲಿ, ಇದೇ ರಾಶಿಗೆ. ಇವಕ್ಕೆ ಆಮ್ಲವೂ ಇಲ್ಲ, ಮನೆಯ ವಿದ್ಯುಲ್ಲೇಪನವೂ ಇಲ್ಲ.

ನಾಲ್ಕನೆಯದು ಗುಜರಿಗೆ. ನೈಲಾನ್ ಉಂಗುರದ ನಟ್ಟು, ಸ್ಪ್ಲಿಟ್ ಪಿನ್, ಮಡಚುವ ಟ್ಯಾಬ್ ವಾಷರ್ ಇವೆಲ್ಲ ಒಮ್ಮೆ ಬಳಸಿದರೆ ಮುಗಿಯಿತು. ಕನೆಕ್ಟಿಂಗ್ ರಾಡಿನ ಬೋಲ್ಟಿಗೆ ಮರುಲೇಪನದ ಯೋಚನೆಯೇ ಬೇಡ, ಹೊಸದು ತನ್ನಿ. ಸ್ಟೀರಿಂಗ್, ಬ್ರೇಕು, ಸಸ್ಪೆನ್ಷನ್ನಿನಲ್ಲಿ ತುಕ್ಕು ಗುಳಿ ಬಿದ್ದ ಬೋಲ್ಟೂ ಇದೇ ದಾರಿ, ಏಕೆಂದರೆ ಬಿರುಕು ಹುಟ್ಟುವುದು ಗುಳಿಯ ತಳದಲ್ಲಿ. ಹಿಗ್ಗಿದ ಬೋಲ್ಟನ್ನು ಪತ್ತೆಹಚ್ಚುವುದು ಸುಲಭ: ಒಳ್ಳೆಯ ನಟ್ಟೊಂದನ್ನು ಕೈಯಲ್ಲೇ ಕೊನೆಯವರೆಗೆ ಓಡಿಸಿ. ನಡುವೆ ಬಿಗಿಯಾಗಿ ಮುಂದೆ ಮತ್ತೆ ಸಡಿಲವಾದರೆ ಅಲ್ಲಿ ಪಿಚ್ಚು ಎಳೆದುಕೊಂಡಿದೆ. ಗೇಜನ್ನು ಉದ್ದಕ್ಕೆ ಇಟ್ಟರೆ ಬೆಳಕೂ ನುಸುಳುತ್ತದೆ.

ಕೊಳೆ, ತುಕ್ಕು

ಮೊದಲು ಜಿಡ್ಡು ಹೋಗಬೇಕು. ಸೀಮೆಎಣ್ಣೆಯಲ್ಲಿ ಉಜ್ಜಿ, ನಂತರ ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ಕುದಿಸಿ. ತೊಳೆದ ಬೋಲ್ಟಿನ ಮೇಲೆ ನೀರು ಒಂದೇ ಪದರವಾಗಿ ನಿಂತರೆ ಶುದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡಿದೆ. ಜಿಡ್ಡಿನ ಮೇಲೆ ಆಮ್ಲ ಹತ್ತುವುದಿಲ್ಲ, ಲೇಪವೂ ನಿಲ್ಲುವುದಿಲ್ಲ.

ತುಕ್ಕಿಗೆ ನಮ್ಮ ಮೊದಲ ಆಯ್ಕೆ ಕಾಕಂಬಿ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಒಂದರಿಂದ ಎರಡು ವಾರ. ಇದು ತುಕ್ಕನ್ನು ಕರಗಿಸಿ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕಿಲ್ಲದ ಉಕ್ಕನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ವಾಸನೆ ಕೆಟ್ಟದ್ದು, ಡ್ರಮ್ಮನ್ನು ಮನೆಯಿಂದ ದೂರ ಇಡಿ. ಅಲ್ಯೂಮಿನಿಯಂ ಮತ್ತು ಸತುವಿನ ಎರಕದ ಭಾಗಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ, ತಿಂದುಹಾಕುತ್ತದೆ. ಅವಸರ ಇದ್ದವರಿಗೆ ಸಿಟ್ರಿಕ್ ಆಮ್ಲ, ಲೀಟರಿಗೆ 50 ಗ್ರಾಂ, ಕೆಲವು ಗಂಟೆ. ಗಂಟೆಗೊಮ್ಮೆ ಎತ್ತಿ ನೋಡಿ; ರಾತ್ರಿಯಿಡೀ ಬಿಟ್ಟರೆ ಮೈ ಕಪ್ಪಾಗಿ ಒರಟಾಗುತ್ತದೆ. ಹಳೆಯ ಸತುವಿನ ಲೇಪ ತೆಗೆಯಲು 10 ಶೇಕಡದ ಹೈಡ್ರೋಕ್ಲೋರಿಕ್ ಆಮ್ಲ ಸಾಕು. ಗುಳ್ಳೆ ಜೋರಾಗಿ ಏಳುತ್ತದೆ, ಸತು ಮುಗಿದ ಕ್ಷಣ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ಆ ಕ್ಷಣವೇ ಹೊರತೆಗೆಯಿರಿ. ಆಮ್ಲದ ಈ ಎರಡೂ ವಿಧಾನ ಮೊದಲೆರಡು ರಾಶಿಗೆ ಮಾತ್ರ.

ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ವಿಧಾನ ಎಲ್ಲರಿಗೂ ಗೊತ್ತು. ಎರಡು ಎಚ್ಚರಿಕೆ: ಧನ ತುದಿಗೆ ಸ್ಟೇನ್‌ಲೆಸ್ ಪಾತ್ರೆ ಕಟ್ಟಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ, ಏಳುವ ಅನಿಲ ಹೈಡ್ರೋಜನ್, ಬಯಲಲ್ಲೇ ಮಾಡಿ.

ಕ್ಯಾಡ್ಮಿಯಂ ಬಗ್ಗೆ ಗಂಭೀರವಾಗಿ ಕೇಳಿ. ಆ ಕಾಲದ ಬ್ರಿಟಿಷ್ ಬೋಲ್ಟುಗಳಲ್ಲಿ ಬಹಳಷ್ಟಕ್ಕೆ ಇದೇ ಲೇಪ. ಸತುವಿಗಿಂತ ಮೃದುವಾದ, ಬೆಣ್ಣೆಯಂಥ ಮಂದ ಬೂದು ಬಣ್ಣ. ಅದನ್ನು ವೈರ್ ಬ್ರಷ್ಷಿನ ಚಕ್ರಕ್ಕೆ ಹಿಡಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಟಾರ್ಚಿನಿಂದ ಕಾಯಿಸಿದರೆ ಏಳುವ ಹೊಗೆ ಜೀವ ತೆಗೆಯಬಲ್ಲದು. ಚೆನ್ನಾಗಿಯೇ ಇರುವ ಕ್ಯಾಡ್ಮಿಯಂ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ಮೃದು ಬ್ರಷ್ಷಿನಿಂದ ತೊಳೆದು ಎಣ್ಣೆ ಸವರಿ ಹಾಗೇ ಹಾಕಿ. ತೆಗೆಯಲೇಬೇಕಿದ್ದರೆ ಅದು ಪರವಾನಗಿ ಇರುವ ಲೇಪನ ಘಟಕದ ಕೆಲಸ.

ಇನ್ನು ಸ್ಪ್ಯಾನರ್ ಗಾಯಗಳು. ತಲೆಯ ಬದಿಗಳಲ್ಲಿ ಎದ್ದ ಮುಳ್ಳನ್ನು ನಯವಾದ ಅರದಿಂದ ಒಂದೇ ದಿಕ್ಕಿಗೆ ಸವರಿ, 240ರ ಎಮರಿ ಕಾಗದದಿಂದ ಮುಗಿಸಿ. ಎದುರು ಬದಿಗಳ ನಡುವಿನ ಅಳತೆ 0.1 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ತಲೆಯ ಮೇಲ್ಮೈಯನ್ನು ಲೇತಿನಲ್ಲಿ ನಯ ಮಾಡಿಸುವ ಚಟ ಕೆಲವರಿಗಿದೆ. ಹಾಗೆ ಮಾಡಿದಾಗ ಬಲದ ಗುರುತೂ ತಯಾರಕರ ಹೆಸರೂ ಒಟ್ಟಿಗೆ ಅಳಿಸುತ್ತವೆ. ಗುರುತಿಲ್ಲದ ಹೊಳಪಿನ ಬೋಲ್ಟಿಗಿಂತ ಗಾಯವಿದ್ದು ಗುರುತುಳ್ಳ ಬೋಲ್ಟೇ ಮೇಲು.

ಹೈಡ್ರೋಜನ್

ಇವತ್ತು ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದಿರಲಿ. ಆಮ್ಲ ಉಕ್ಕನ್ನು ಮುಟ್ಟಿದಾಗ, ಲೇಪ ಕೂರುವಾಗ, ಬೋಲ್ಟಿನ ಮೈಮೇಲೆ ಹೈಡ್ರೋಜನ್ ಹುಟ್ಟುತ್ತದೆ. ಬಹುಪಾಲು ಗುಳ್ಳೆಯಾಗಿ ಹೋಗುತ್ತದೆ, ಒಂದಿಷ್ಟು ಪರಮಾಣು ರೂಪದಲ್ಲೇ ಉಕ್ಕಿನೊಳಗೆ ಇಳಿಯುತ್ತದೆ. ಮೃದು ಉಕ್ಕಿಗೆ ಅದರಿಂದ ತೊಂದರೆಯಿಲ್ಲ. ಗಟ್ಟಿ ಉಕ್ಕಿನಲ್ಲಿ ಅದು ಒತ್ತಡ ಹೆಚ್ಚಿರುವ ಜಾಗಕ್ಕೆ, ಅಂದರೆ ತಲೆಯ ಕೆಳಗಿನ ತಿರುವಿಗೆ ಅಥವಾ ಮೊದಲ ಎಳೆಯ ತಳಕ್ಕೆ, ಸರಿದು ಸೇರಿಕೊಳ್ಳುತ್ತದೆ. ಬೋಲ್ಟನ್ನು ಟಾರ್ಕ್ ವ್ರೆಂಚಿನಿಂದ ಸರಿಯಾಗಿಯೇ ಬಿಗಿಸಿರುತ್ತೀರಿ. ಕೆಲವು ಗಂಟೆಯ ಮೇಲೋ ಕೆಲವು ದಿನದ ಮೇಲೋ, ಕಾರು ನಿಂತಲ್ಲೇ ನಿಂತಿದ್ದರೂ ತಲೆ ಕಳಚಿ ಬೀಳುತ್ತದೆ. ಬಿಗಿಸುವಾಗ ಯಾವ ಸುಳಿವೂ ಸಿಗುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 39ನ್ನು ದಾಟಿದ ಮೇಲೆ ಈ ಭಯ ನಿಜವಾಗುತ್ತದೆ. 8.8ರ ಬೋಲ್ಟು 34ರೊಳಗಿರುತ್ತದೆ, 10.9ರದ್ದು 32ರಿಂದ 39, 12.9ರದ್ದು 39ರಿಂದ 44. ಸ್ಪ್ರಿಂಗ್ ವಾಷರ್ ಅದಕ್ಕಿಂತಲೂ ಗಟ್ಟಿ, ಹಾಗಾಗಿ ಲೇಪ ಹಾಕಿದ ಸ್ಪ್ರಿಂಗ್ ವಾಷರ್ ಎರಡು ತುಂಡಾಗಿ ನೆಲದ ಮೇಲೆ ಸಿಗುವುದು ಅಪರೂಪವೇನಲ್ಲ. ಹೊಸದು ಕೊಳ್ಳಿ. 10.9 ಲೆಕ್ಕದಲ್ಲಿ ಗಡಿಯ ಒಳಗೇ ಇದೆ, ಆದರೆ ಐವತ್ತು ವರ್ಷದ ಹಿಂದೆ ಹದ ಮಾಡಿದ ಉಕ್ಕಿನ ವಿಷಯದಲ್ಲಿ ಗಡಿಗೆ ಅಂಟಿಕೊಂಡು ನಿಲ್ಲುವುದು ಜಾಣತನವಲ್ಲ. ಅದಕ್ಕೇ ಅದನ್ನು ಮೂರನೇ ರಾಶಿಗೆ ಹಾಕಿದ್ದು.

ಇದಕ್ಕೆ ಪರಿಹಾರ ಬೇಯಿಸುವುದು: ಲೇಪ ಮುಗಿದ ಒಂದು ಗಂಟೆಯೊಳಗೆ, 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕನಿಷ್ಠ 4 ಗಂಟೆ, ಹೆಚ್ಚು ಗಟ್ಟಿಯಾದಷ್ಟೂ ಹೆಚ್ಚು ಹೊತ್ತು. ಎರಡನೇ ರಾಶಿಗೂ ಇದನ್ನು ಮಾಡಿದರೆ ನಷ್ಟವಿಲ್ಲ. ಆದರೆ ಇದು ಪೂರ್ತಿ ಭರವಸೆಯಲ್ಲ, ಏಕೆಂದರೆ ಸತುವಿನ ಪದರವೇ ಹೈಡ್ರೋಜನ್ ಹೊರಬರುವುದಕ್ಕೆ ಅಡ್ಡ ನಿಲ್ಲುತ್ತದೆ. ಸಣ್ಣ ಒಲೆಯಲ್ಲಿ ಮಾಡುವವರು ಅದರ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರ್ ಇಡಿ. ಆ ಒಲೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಹಾಗಾದರೆ ಮೂರನೇ ರಾಶಿಗೆ ಏನು? ಸೀಮೆಎಣ್ಣೆ, ನಯವಾದ ಗಾಜಿನ ಮಣಿಯ ಬ್ಲಾಸ್ಟಿಂಗ್, ಆಮ್ಲವಲ್ಲದ ತುಕ್ಕುಹಾರಿ ದ್ರವ, ಕೊನೆಗೆ ಎಣ್ಣೆ. ತೋರುವ ಜಾಗದಲ್ಲಿದ್ದು ಲೇಪ ಬೇಕೇಬೇಕೆಂದರೆ ಝಿಂಕ್ ಫ್ಲೇಕ್ ಎಂಬ ಕೈಗಾರಿಕಾ ಲೇಪವಿದೆ. ಅದನ್ನು ಅದ್ದಿ ಒಲೆಯಲ್ಲಿ ಒಣಗಿಸುತ್ತಾರೆ, ವಿದ್ಯುತ್ತಿನ ಕೆಲಸವಿಲ್ಲ, ಹೈಡ್ರೋಜನ್ ಹುಟ್ಟುವುದೂ ಇಲ್ಲ.

ಯಾವ ಲೇಪ ಇತ್ತು?

ವಾಷರಿನ ಅಡಿ, ತಲೆಯ ಕೆಳಭಾಗ, ಕ್ಲಿಪ್ಪಿನ ಮರೆ: ಬಿಸಿಲು ನೀರು ತಾಗದ ಇಲ್ಲಿ ಮೂಲ ಲೇಪ ಉಳಿದಿರುತ್ತದೆ. ತೊಳೆಯುವ ಮೊದಲೇ ನೋಡಿ, ಫೋಟೋದಲ್ಲಿ ಹಿಡಿಯಿರಿ. ಎಂಜಿನ್ ಜೋಡಿಸಿದ ಮೇಲೆ ಬಣ್ಣ ಹೊಡೆದಿದ್ದರೆ ಟ್ಯಾಪೆಟ್ ಬದಿಯ ಕವರು, ಟೈಮಿಂಗ್ ಕವರಿನ ಬೋಲ್ಟುಗಳ ತಲೆಯಲ್ಲೂ ಎಂಜಿನ್ನಿನದೇ ಬಣ್ಣ ಇರುತ್ತದೆ. ಅಲ್ಲಿ ಬೆಳ್ಳಿಯಂತೆ ಮಿನುಗುವ ತಲೆ ತಪ್ಪು. ಕಪ್ಪು, ಎಣ್ಣೆ ಹೀರಿದ ಮಂದ ಮೈ ಇದ್ದರೆ ಫಾಸ್ಫೇಟ್. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡುಗಳಿಗೆ ಹಿತ್ತಾಳೆ ನಟ್ಟು ಹಾಕಿ, ಸತುವಿನ ಲೇಪ ಆ ಶಾಖಕ್ಕೆ ಬಾಳುವುದಿಲ್ಲ. ಹಿತ್ತಾಳೆ ಸ್ಟಡ್ಡಿಗೆ ಕಚ್ಚಿಕೊಳ್ಳುವುದಿಲ್ಲ, ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ.

ಕ್ಯಾಡ್ಮಿಯಂ ಇದ್ದ ಕಡೆ ಇಂದು ಸತು ಹಾಕುತ್ತೇವೆ. ಹೊಳಪುಕಾರಕ ಬೆರೆಸದ ಸತುವಿನ ಮಂದ ಬೂದು ಮೈ ಹಳೆಯ ಕ್ಯಾಡ್ಮಿಯಮ್ಮಿಗೆ ಆಶ್ಚರ್ಯವಾಗುವಷ್ಟು ಹತ್ತಿರ. ಮನೆಯಲ್ಲಿ ಮಾಡುವ ಲೇಪದಲ್ಲಿ ಹೊಳಪು ಬರಲಿಲ್ಲ ಎಂದು ಕೊರಗುವವರಿಗೆ ಹೇಳುವುದಿಷ್ಟೇ, ಅದೇ ಸರಿ.

ಸತುವಿನ ಸ್ನಾನ

ಹತ್ತು ಲೀಟರ್ ಶುದ್ಧೀಕರಿಸಿದ ನೀರಿಗೆ ಝಿಂಕ್ ಕ್ಲೋರೈಡ್ 700 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 2 ಕಿಲೋ, ಬೋರಿಕ್ ಆಮ್ಲ 300 ಗ್ರಾಂ. ಬೋರಿಕ್ ಆಮ್ಲ ತಣ್ಣೀರಿನಲ್ಲಿ ಬಹಳ ನಿಧಾನವಾಗಿ ಕರಗುತ್ತದೆ, ಮೊದಲು ಬಿಸಿನೀರಿನಲ್ಲಿ ಕರಗಿಸಿ. ಝಿಂಕ್ ಕ್ಲೋರೈಡ್ ನೀರಿಗೆ ಬಿದ್ದಾಗ ಕಾವೇರುತ್ತದೆ, ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಹಾಕಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಪೊಟ್ಯಾಶ್ ಅಗ್ಗ ಎಂದು ಗೊಬ್ಬರದ ಅಂಗಡಿಯದನ್ನು ತರಬೇಡಿ. ಅದರ ಕೆಂಪು ಬಣ್ಣ ಕಬ್ಬಿಣದ್ದು, ಲೇಪ ಕಪ್ಪಾಗಲು ಅಷ್ಟೇ ಸಾಕು. ಆಮ್ಲೀಯತೆಯ ಅಳತೆಯಾದ ಪಿಎಚ್ 5ರಿಂದ 5.5 ಇರಲಿ. ಬಳಸುತ್ತಾ ಏರುತ್ತದೆ, ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿಗಳಿಂದ ಇಳಿಸಿ. ಶಾಖ 25ರಿಂದ 35 ಡಿಗ್ರಿ, ನಮ್ಮ ಊರುಗಳಲ್ಲಿ ಇದಕ್ಕೆ ಹೀಟರ್ ಬೇಡ.

ಶುದ್ಧ ಸತುವಿನ ತಗಡು ಧನ ತುದಿಗೆ, ಪಾತ್ರೆಯ ಎರಡೂ ಬದಿಗೆ. ಬೋಲ್ಟುಗಳು ತಾಮ್ರದ ತಂತಿಯಲ್ಲಿ ತೂಗಿ ಋಣ ತುದಿಗೆ, ನಡುವೆ. ಒಂದೇ ಬದಿಗೆ ತಗಡಿದ್ದರೆ ಎದುರಿನ ಮುಖಕ್ಕೆ ಮಾತ್ರ ಲೇಪ ಹತ್ತುತ್ತದೆ.

ಈಗ ಲೆಕ್ಕ. 5/16 ಇಂಚಿನ, ಒಂದೂಕಾಲು ಇಂಚು ಉದ್ದದ ಬೋಲ್ಟಿನ ಒಟ್ಟು ಮೈ, ಎಳೆಗಳ ಏರಿಳಿತ ಸೇರಿಸಿ, ಸುಮಾರು 15 ಚದರ ಸೆಂ.ಮೀ. ಹನ್ನೆರಡು ಬೋಲ್ಟಿಗೆ 180. ಪ್ರತಿ 100 ಚದರ ಸೆಂ.ಮೀ.ಗೆ 1 ಆಂಪಿಯರ್ ಎಂದಿಟ್ಟುಕೊಂಡರೆ 1.8 ಆಂಪಿಯರ್. ಒಂದು ಆಂಪಿಯರ್ ಒಂದು ಗಂಟೆಯಲ್ಲಿ 1.22 ಗ್ರಾಂ ಸತು ಕೂರಿಸುತ್ತದೆ. 100 ಚದರ ಸೆಂ.ಮೀ. ಮೇಲೆ ಅದು 17 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು). 7 ಮೈಕ್ರಾನ್ ಬೇಕಾದರೆ 25 ನಿಮಿಷ. ಆಂಪಿಯರನ್ನು ಸ್ಥಿರವಾಗಿ ಹಿಡಿದಿಡುವ ವಿದ್ಯುತ್ ಪೂರೈಕೆ ಬೇಕು. ಕಾರಿನ ಬ್ಯಾಟರಿ ಚಾರ್ಜರಿಗೆ ಈ ಹಿಡಿತವಿಲ್ಲ.

7 ಮೈಕ್ರಾನೇ ಏಕೆ, 20 ಹಾಕಿದರೆ ಇನ್ನೂ ಬಾಳಿಕೆ ಬರುವುದಿಲ್ಲವೇ? ಎಳೆಯ ಇಳಿಜಾರಿನ ಮೇಲೆ ಕೂತ ಲೇಪ ಪಿಚ್ ವ್ಯಾಸವನ್ನು, ಅಂದರೆ ಎಳೆಯ ನಡುಮಟ್ಟದಲ್ಲಿ ಅಳೆದ ವ್ಯಾಸವನ್ನು, ತನ್ನ ದಪ್ಪದ ನಾಲ್ಕು ಪಟ್ಟು ಹೆಚ್ಚಿಸುತ್ತದೆ. 5/16 ಯುಎನ್‌ಎಫ್ ಬೋಲ್ಟಿಗೆ ಸಾಮಾನ್ಯ ದರ್ಜೆಯಲ್ಲಿ ಬಿಟ್ಟಿರುವ ಸಡಿಲ ಸುಮಾರು 28 ಮೈಕ್ರಾನ್. 8 ಮಿ.ಮೀ. ಮೆಟ್ರಿಕ್ಕಿಗೂ ಅಷ್ಟೇ. ನಾಲ್ಕರಿಂದ ಭಾಗಿಸಿ, ಏಳು ಬರುತ್ತದೆ. 55 ಡಿಗ್ರಿಯ ಬಿಎಸ್‌ಎಫ್‌ಗೆ ನಾಲ್ಕರ ಬದಲು 4.3, ಅಲ್ಲಿ ಇನ್ನೂ ಬಿಗಿ. ಹೆಚ್ಚು ಹೊತ್ತು ಬಿಟ್ಟ ಬೋಲ್ಟಿಗೆ ನಟ್ಟು ಹತ್ತುವುದಿಲ್ಲ. ಆಗ ಡೈ ಓಡಿಸಿದರೆ ಲೇಪ ಎಳೆಯಿಂದಲೇ ಕಿತ್ತುಬರುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಕ್ರಮ ಹೀಗೆ: ಜಿಡ್ಡು ತೆಗೆದು ತೊಳೆದದ್ದನ್ನು 5 ಶೇಕಡದ ಹೈಡ್ರೋಕ್ಲೋರಿಕ್‌ನಲ್ಲಿ 15 ಸೆಕೆಂಡು ಅದ್ದಿ, ಮತ್ತೆ ತೊಳೆದು, ಒಣಗಲು ಬಿಡದೆ ಸ್ನಾನಕ್ಕಿಳಿಸಿ. ತಂತಿಗೆ ವಿದ್ಯುತ್ ಹರಿಯುತ್ತಿರುವಾಗಲೇ ಇಳಿಸಬೇಕು. ಅರ್ಧ ಸಮಯಕ್ಕೆ ತಂತಿಯ ಹಿಡಿತ ಬದಲಿಸಿ, ಇಲ್ಲದಿದ್ದರೆ ತಾಗಿದಲ್ಲಿ ಬರಿ ಗೆರೆ ಉಳಿಯುತ್ತದೆ. ಆಗಾಗ ಅಲ್ಲಾಡಿಸಿ. ಚಪ್ಪಟೆ ವಾಷರುಗಳು ಒಂದಕ್ಕೊಂದು ಅಂಟಿಕೊಂಡರೆ ನಡುವೆ ಏನೂ ಕೂರುವುದಿಲ್ಲ, ಸಡಿಲವಾಗಿ ಪೋಣಿಸಿ. ನಟ್ಟಿನ ಒಳಗಿನ ಎಳೆಗೆ ಲೇಪ ಸರಿಯಾಗಿ ತಲುಪದು. ಎಣ್ಣೆಯೇ ಅದರ ರಕ್ಷಣೆ.

ಕೆಟ್ಟಾಗ ಓದಿಕೊಳ್ಳುವುದು ಹೀಗೆ. ತಲೆಯ ಮೂಲೆಗಳು ಕಪ್ಪಾಗಿ ಪುಡಿಪುಡಿಯಾದರೆ ಆಂಪಿಯರ್ ಹೆಚ್ಚು. ಉಗುರಿನಿಂದ ಸಿಪ್ಪೆ ಎದ್ದರೆ ಜಿಡ್ಡು. ತಗ್ಗುಗಳಲ್ಲಿ ಕಪ್ಪು ಛಾಯೆ ಬಂದರೆ ಸ್ನಾನಕ್ಕೆ ತಾಮ್ರವೋ ಕಬ್ಬಿಣವೋ ಸೇರಿದೆ. ಕಬ್ಬಿಣ ಸೇರಲು ಕಾರಣ ಸಾಮಾನ್ಯವಾಗಿ ತಳಕ್ಕೆ ಬಿದ್ದು ಮರೆತುಹೋದ ಒಂದು ನಟ್ಟು. ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಕಂದು ಗಸಿ ಇಳಿದ ಮೇಲೆ ಸೋಸಿ. ವಿನೆಗರ್ ಮತ್ತು ಎಪ್ಸಮ್ ಉಪ್ಪಿನ ಪಾಕವೂ ಚಾಲ್ತಿಯಲ್ಲಿದೆ. ಮೊದಲ ರಾಶಿಗೆ ಅಡ್ಡಿಯಿಲ್ಲ. ಆದರೆ ಬೋಲ್ಟಿನ ಸುತ್ತ ಗುಳ್ಳೆ ಎಷ್ಟು ಏಳುತ್ತದೋ ಅಷ್ಟು ಕರೆಂಟು ಸತುವಿಗೆ ಹೋಗದೆ ಹೈಡ್ರೋಜನ್ನಿಗೆ ಹೋಗುತ್ತಿದೆ ಎಂದು ತಿಳಿಯಿರಿ.

ಬೇಯಿಸುವುದಿದ್ದರೆ ಈಗಲೇ, ಸತುವನ್ನು ಕಾಯುವ ತೆಳು ಕ್ರೋಮಿಯಂ ಪದರ ಮೂಡಿಸುವ ಪ್ಯಾಸಿವೇಷನ್ನಿಗೆ ಮೊದಲು. ಆ ಪದರ ಬೇಯಿಸುವ ಶಾಖಕ್ಕೆ ಕೆಡುತ್ತದೆ. ಬೇಯಿಸಿದ್ದನ್ನು ಅರ್ಧ ಶೇಕಡದ ನೈಟ್ರಿಕ್ ಆಮ್ಲದಲ್ಲಿ ಕೆಲವೇ ಸೆಕೆಂಡು ಅದ್ದಿ, ತೊಳೆದು, ತ್ರಿವೇಲೆಂಟ್ ಕ್ರೋಮಿಯಂ ದ್ರಾವಣದಲ್ಲಿ ತಯಾರಕರು ಹೇಳಿದಷ್ಟು ಹೊತ್ತು ಇಡಿ. ಹಳದಿ ಬಣ್ಣ ಕೊಡುವ ಹಳೆಯ ಹೆಕ್ಸಾವೇಲೆಂಟ್ ದ್ರಾವಣ ಕ್ಯಾನ್ಸರ್‌ಕಾರಕ, ಮನೆಯಲ್ಲಿ ಬೇಡವೇ ಬೇಡ. ಹೊರತೆಗೆದಾಗ ಪದರ ಲೋಳೆಯಷ್ಟು ಮೃದು. ಒಂದು ದಿನ ಒರೆಸಬೇಡಿ, ಕಾರಿಗೆ ಹಾಕಬೇಡಿ. ಉಳಿದ ದ್ರವ ಯಾವುದನ್ನೂ ಚರಂಡಿಗೆ ಸುರಿಯುವಂತಿಲ್ಲ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ಬೆಂಗಳೂರಿನ ಪೀಣ್ಯದಲ್ಲಿ ಲೇಪನ ಘಟಕಗಳಿವೆ. ತೂಕದ ಮೇಲೆ ದರ, ಸಣ್ಣ ಗಂಟಿಗೆ ಒಂದು ಕನಿಷ್ಠ ಮೊತ್ತ. ಅಲ್ಲಿ 'ಝಿಂಕ್ ಮಾಡಿಕೊಡಿ' ಎಂದಷ್ಟೇ ಹೇಳಿ ಬರಬೇಡಿ. ದಪ್ಪ 5ರಿಂದ 8 ಮೈಕ್ರಾನ್, ಬಿಳಿ ತ್ರಿವೇಲೆಂಟ್, 200 ಡಿಗ್ರಿಯಲ್ಲಿ 4 ಗಂಟೆ ಬೇಯಿಸುವುದು, ತುಕ್ಕು ನಾವೇ ತೆಗೆದಿದ್ದೇವೆ ಆದ್ದರಿಂದ ಆಮ್ಲದಲ್ಲಿ ಹೆಚ್ಚು ಹೊತ್ತು ಬೇಡ: ಇಷ್ಟನ್ನು ಬರೆದು ಕೊಡಿ. ಬಿಎ ತಿರುಪುಗಳು ಪಿಪಾಯಿಯ ತೂತಿನಿಂದ ಜಾರಿಹೋಗುತ್ತವೆ, ಅವನ್ನು ತಂತಿಗೆ ಪೋಣಿಸಿ ಕೊಡಿ. ಮೂರನೇ ರಾಶಿ ತಪ್ಪಿಯೂ ಆ ಚೀಲಕ್ಕೆ ಸೇರದಿರಲಿ.

ಕೇಳಿದ ಕೆಲವು ಪ್ರಶ್ನೆಗಳು

*ಇಷ್ಟೆಲ್ಲ ಬದಲು ಸ್ಟೇನ್‌ಲೆಸ್ ಹಾಕಿಬಿಟ್ಟರೆ?* ಅಂಗಡಿಯಲ್ಲಿ ಸಿಗುವ ಎ2-70ರ ಬಲ ಚದರ ಮಿ.ಮೀ.ಗೆ 700 ನ್ಯೂಟನ್, 8.8ರದ್ದು 800. ಬಿಗಿಸುವಾಗ ಎಳೆ ಎಳೆಗೆ ಬೆಸೆದುಕೊಂಡು ಅಲ್ಲೇ ಸಿಕ್ಕಿಕೊಳ್ಳುವ ಗುಣವೂ ಅದಕ್ಕಿದೆ. ನಂಬರ್ ಪ್ಲೇಟಿಗೆ ಸರಿ, ಸಸ್ಪೆನ್ಷನ್ನಿಗೆ ಸಲ್ಲದು.

*ಹೊಸ ಲೇಪದ ಬೋಲ್ಟಿಗೆ ಪುಸ್ತಕದಲ್ಲಿ ಕೊಟ್ಟ ಟಾರ್ಕೇ ಸಾಕೇ?* ಪುಸ್ತಕ ಯಾವ ಮೈಗೆ ಆ ಅಂಕಿ ಕೊಟ್ಟಿದೆ ನೋಡಿ. ಟಾರ್ಕಿನ ಬಹುಪಾಲು ಘರ್ಷಣೆಗೇ ಖರ್ಚಾಗುತ್ತದೆ. ಟಾರ್ಕಿಗೂ ಎಳೆತಕ್ಕೂ ನಂಟು ಹೇಳುವ ಗುಣಾಂಕವನ್ನು (ನಟ್ ಫ್ಯಾಕ್ಟರ್) ಒಣ ಉಕ್ಕಿಗೆ 0.20 ಎಂದು ಹಿಡಿದರೆ ಎಣ್ಣೆ ಹಚ್ಚಿದ್ದು ಸುಮಾರು 0.15. ಅದೇ ಟಾರ್ಕಿಗೆ ಎಣ್ಣೆಯ ಬೋಲ್ಟು ಮೂರನೇ ಒಂದು ಪಾಲು ಹೆಚ್ಚು ಎಳೆದುಕೊಳ್ಳುತ್ತದೆ. ಕ್ಯಾಡ್ಮಿಯಂ ಸ್ವಭಾವತಃ ಜಾರುವಂಥದು, ಒಣ ಸತು ಹಾಗಲ್ಲ. ಕ್ಯಾಡ್ಮಿಯಂ ಇದ್ದಲ್ಲಿ ಸತು ಬಂದಾಗ ಎಳೆಗೆ ಒಂದು ಹನಿ ಎಂಜಿನ್ ಎಣ್ಣೆ ಹಚ್ಚಿ ಪುಸ್ತಕದ ಅಂಕಿಗೆ ಬಿಗಿಸಿದರೆ ಹೆಚ್ಚುಕಡಿಮೆ ಮೂಲ ಎಳೆತವೇ ಸಿಗುತ್ತದೆ.

*ಲೇಪ ಮಾಡಿಸಿಟ್ಟ ಬೋಲ್ಟು ಮಳೆಗಾಲದಲ್ಲಿ ಬಿಳಿ ಪುಡಿ ಬಿಡುತ್ತದಲ್ಲ?* ಅದು ಸತುವಿನದೇ ತುಕ್ಕು. ತೇವ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಖಂಡಿತ ಬರುತ್ತದೆ. ಪೂರ್ತಿ ಒಣಗಿಸಿ, ತೆಳು ಎಣ್ಣೆ ಸವರಿ, ತುಕ್ಕು ತಡೆಯುವ ಮೇಣದ ಕಾಗದದಲ್ಲಿ ಸುತ್ತಿ, ಹಳೆಯ ಚೀಟಿಯನ್ನೇ ಜೊತೆಗಿಟ್ಟು ಗಾಳಿಯಾಡುವ ಡಬ್ಬಿಗೆ ಹಾಕಿ. ಬಂದಿರುವುದು ಬರೀ ಪುಡಿಯಾದರೆ ನೈಲಾನ್ ಬ್ರಷ್ಷಿನಿಂದ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು; ಕೆಂಪು ಚುಕ್ಕೆ ಕಂಡಿದ್ದರೆ ಸತು ಮುಗಿದಿದೆ, ಮತ್ತೆ ಲೇಪ ಹಾಕಬೇಕು.